ಬ್ರೈಸ್ ಅಂಡರ್‌ವುಡ್ ಮಾತು ಬದಲಿಸಿದ್ದು ತಪ್ಪೇ?

ಕ್ಯಾಂಟನ್ ನಿವಾಸಿ:

ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ನಾವು ಸೇರಿದಲ್ಲೆಲ್ಲ ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಮಾತು ಅಪರೂಪ. ಆದರೆ ಈ ಒಂದು ವಿಷಯ ಮಾತ್ರ ಊಟದ ಪಂಕ್ತಿಯಲ್ಲೂ ಜಗಳ ಹಚ್ಚಿದೆ, ಇನ್ನೂ ಆರಿಲ್ಲ. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಡೆಟ್ರಾಯಿಟ್‌ನ ಪಶ್ಚಿಮಕ್ಕೆ ಬೆಲ್‌ವಿಲ್ ಎಂಬ ಸಣ್ಣ ಊರಿದೆ. ಅಲ್ಲಿನ ಹೈಸ್ಕೂಲಿನಲ್ಲಿ ಬ್ರೈಸ್ ಅಂಡರ್‌ವುಡ್ ಎಂಬ ಹುಡುಗ ಒಂಬತ್ತನೇ ತರಗತಿಯಿಂದಲೇ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್. ಅಂದರೆ ಪ್ರತಿ ದಾಳಿಯಲ್ಲೂ ಚೆಂಡು ಮೊದಲು ಬರುವುದು ಅವನ ಕೈಗೆ. ಎಸೆಯಬೇಕೋ, ಬೇರೆಯವನಿಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸಬೇಕಾದವನು ಅವನೇ. 2021 ಮತ್ತು 2022ರಲ್ಲಿ ಆ ಶಾಲೆ ರಾಜ್ಯ ಪ್ರಶಸ್ತಿ ಗೆದ್ದಿತು. ಸತತ 38 ಪಂದ್ಯ ಗೆದ್ದ ಮೇಲೆ 2023ರ ಫೈನಲ್‌ನಲ್ಲಿ ಸೋತಿತು. ಅಷ್ಟರಲ್ಲಿ ದೇಶದ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಕೋಚ್‌ಗಳು ಬೆಲ್‌ವಿಲ್‌ಗೆ ದಾರಿ ಸವೆಸಿದ್ದರು. 2025ರಲ್ಲಿ ಕಾಲೇಜು ಸೇರುವವರ ಪೈಕಿ ದೇಶಕ್ಕೇ ಮೊದಲಿಗ ಎಂದು ಅವನನ್ನು ಲೆಕ್ಕ ಹಾಕಿದರು.

2024ರ ಜನವರಿಯಲ್ಲಿ ಹುಡುಗ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ, ಎಲ್‌ಎಸ್‌ಯು ಎನ್ನುತ್ತಾರಲ್ಲ, ಅಲ್ಲಿಗೆ ಬರುತ್ತೇನೆ ಎಂದು ಬಹಿರಂಗವಾಗಿ ಮಾತು ಕೊಟ್ಟ. ಹತ್ತು ತಿಂಗಳು ಆ ಮಾತಿನ ಮೇಲೆ ನಿಂತಿದ್ದ. ನವೆಂಬರ್ 21ರಂದು ಮನಸ್ಸು ಬದಲಿಸಿ ಮಿಷಿಗನ್ ವಿಶ್ವವಿದ್ಯಾಲಯ ಎಂದ. ಅದು ಅವನ ಮನೆಯಿಂದ ಅರ್ಧ ಗಂಟೆಯ ದಾರಿ. ಪತ್ರಿಕೆಗಳ ವರದಿ ಪ್ರಕಾರ ನಾಲ್ಕು ವರ್ಷಕ್ಕೆ 1 ಕೋಟಿಯಿಂದ 1.2 ಕೋಟಿ ಡಾಲರ್ ಒಪ್ಪಂದ. ಹಣದ ಹಿಂದೆ ಆರಕಲ್ ಕಂಪನಿಯ ಲ್ಯಾರಿ ಎಲಿಸನ್ ಮತ್ತು ಅವರ ಪತ್ನಿಯ ಹೆಸರೂ ಕೇಳಿಬಂತು. ಆಗ ಹುಡುಗನಿಗೆ 17 ವರ್ಷ.

ಮಿಷಿಗನ್‌ನ ಹಸಿವು ಅರ್ಥವಾಗುತ್ತದೆ. 2024ರ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಅದೇ ವರ್ಷ ಕೋಚ್ ಜಿಮ್ ಹಾರ್ಬಾ ಮತ್ತು ಕ್ವಾರ್ಟರ್‌ಬ್ಯಾಕ್ ಮೆಕಾರ್ಥಿ ಇಬ್ಬರನ್ನೂ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಕಳೆದುಕೊಂಡಿತು. ನವೆಂಬರ್‌ ಹೊತ್ತಿಗೆ ಐದು ಗೆಲುವು, ಐದು ಸೋಲು. 1,07,601 ಆಸನಗಳ ಕ್ರೀಡಾಂಗಣ ಕಟ್ಟಿಕೊಂಡು ಚೆಂಡು ನೆಟ್ಟಗೆ ಎಸೆಯುವವನಿಲ್ಲ ಎಂದರೆ ಅವಮಾನವೇ.

ನನ್ನ ಜೊತೆ ಕೆಲಸ ಮಾಡುವ ಲೂಯಿಸಿಯಾನಾದ ಒಬ್ಬರು ಇವತ್ತಿಗೂ ಆ ಹುಡುಗನ ಹೆಸರು ಎತ್ತಿದರೆ ಮುಖ ತಿರುಗಿಸುತ್ತಾರೆ. ನಮ್ಮವರಲ್ಲೂ ಹಲವರು "ದುಡ್ಡು ನೋಡಿ ಮಾತಿಗೆ ತಪ್ಪಿದ" ಎನ್ನುತ್ತಾರೆ. ನನಗೆ ಇದು ಸರಿಯೆನಿಸುವುದಿಲ್ಲ. ನೀವೇನು ಹೇಳುತ್ತೀರಿ?

ಹಳೆಮೈಸೂರು:

ಇದರಲ್ಲಿ ಚರ್ಚೆಗೇನಿದೆ ಸರ್? ಮಾತು ಕೊಟ್ಟ, ಮುರಿದ. ಹತ್ತು ತಿಂಗಳು ಒಂದು ಸಂಸ್ಥೆಯನ್ನು ನಂಬಿಸಿ, ಕೊನೆಯ ಗಳಿಗೆಯಲ್ಲಿ ಹೆಚ್ಚು ಕೊಟ್ಟವರ ಕಡೆ ಹಾರಿದ. ಅವನನ್ನು ನಂಬಿ ಬೇರೆ ಹುಡುಗರನ್ನು ಹುಡುಕದೆ ಕುಳಿತವರ ಗತಿ? ಪ್ರತಿಭೆ ಇದ್ದವರಿಗೆ ನಾಲಿಗೆಯ ಮೇಲೆ ನಿಲ್ಲುವ ಹಂಗಿಲ್ಲ ಎಂದಾದರೆ ನಾಳೆ ನಮ್ಮ ಮಕ್ಕಳಿಗೆ ಏನು ಹೇಳಿಕೊಡುವುದು?

ಶನಿವಾರದ ಪ್ರೇಕ್ಷಕ:

ಹಳೆಮೈಸೂರು ಅವರೇ, ಬೇರೆ ಹುಡುಗರನ್ನು ಹುಡುಕದೆ ಕುಳಿತರು ಎಂದಿರಲ್ಲ, ಅಲ್ಲೇ ತಪ್ಪುತ್ತಿದ್ದೀರಿ. ಯಾವ ಕೋಚ್ ಕೂಡ ಹಾಗೆ ಕೈ ಕಟ್ಟಿ ಕೂರುವುದಿಲ್ಲ.

ಈ ಮಾತು ಕೊಡುವ ಪದ್ಧತಿ ಬರೀ ಬಾಯಿಮಾತು. ಕಾನೂನಿನ ಬಲ ಎಳ್ಳಷ್ಟೂ ಇಲ್ಲ. ಹುಡುಗನಿಗೂ ಇಲ್ಲ, ಕಾಲೇಜಿಗೂ ಇಲ್ಲ. ಒಂದೇ ಸ್ಥಾನಕ್ಕೆ ಇಬ್ಬರು ಮೂವರಿಗೆ ಕಾಲೇಜುಗಳು ಆಹ್ವಾನ ಕೊಟ್ಟಿರುತ್ತವೆ. ಇನ್ನೂ ಚೆನ್ನಾಗಿ ಆಡುವವನು ಸಿಕ್ಕಿದರೆ ಮೊದಲು ಒಪ್ಪಿಕೊಂಡಿದ್ದವನ ಫೋನ್ ಎತ್ತುವುದನ್ನೇ ಬಿಡುತ್ತಾರೆ. ಬೇಡ ಎಂದು ನೇರವಾಗಿ ಹೇಳುವ ಸೌಜನ್ಯವೂ ಎಷ್ಟೋ ಸಲ ಇರುವುದಿಲ್ಲ. ಅವನು ಸದ್ದಿಲ್ಲದೆ ಯಾವುದೋ ಸಣ್ಣ ಕಾಲೇಜು ಹುಡುಕಿಕೊಳ್ಳುತ್ತಾನೆ, ಅದು ಸುದ್ದಿಯಾಗುವುದಿಲ್ಲ. ದೇಶಕ್ಕೆ ಮೊದಲಿಗನಾದವನು ಅದನ್ನೇ ತಿರುಗಿ ಮಾಡಿದರೆ ಮಾತ್ರ ದ್ರೋಹ!

ಈ ಓಲೈಕೆ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಿ. ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ರವರೆಗೆ ಕೋಚ್‌ಗಳು ಆಟಗಾರನಿಗೆ ನೇರವಾಗಿ ಸಂದೇಶ ಕಳಿಸುವಂತಿಲ್ಲ. ಹಾಗಾಗಿ ಆ ದಿನ ಹುಟ್ಟುವ ನಡುರಾತ್ರಿಯೇ ಹೆಸರುವಾಸಿ ಹುಡುಗರ ಮೊಬೈಲ್ ಬಡಿದುಕೊಳ್ಳತೊಡಗುತ್ತದೆ. ಅಪ್ಪ ಅಮ್ಮನ ಜೊತೆ ಅವನನ್ನು ಕ್ಯಾಂಪಸ್‌ಗೆ ಕರೆಸಿಕೊಳ್ಳುತ್ತಾರೆ. ಪ್ರಯಾಣ, ಹೋಟೆಲ್, ಊಟ ಎಲ್ಲ ಕಾಲೇಜಿನ ಲೆಕ್ಕ. ಲಾಕರ್ ಕೋಣೆಯಲ್ಲಿ ಅವನ ಹೆಸರು ಬರೆದ ಜೆರ್ಸಿ ತೂಗುಹಾಕಿರುತ್ತಾರೆ. ಅದನ್ನು ತೊಡಿಸಿ, ಹೆಲ್ಮೆಟ್ ಕೈಗಿತ್ತು, ಬಣ್ಣದ ದೀಪದಡಿ ಫೋಟೊ ತೆಗೆಯುತ್ತಾರೆ. ಅಮ್ಮನ ಪಕ್ಕದಲ್ಲಿ ಹೆಡ್ ಕೋಚ್‌ನ ಹೆಂಡತಿ ಕುಳಿತು ಮನೆವಾರ್ತೆ ವಿಚಾರಿಸುತ್ತಾಳೆ. ಹೆಣ್ಣು ನೋಡಲು ಬಂದವರ ಮುಂದೆ ಮನೆಯವರು ತೋರುವ ಉಪಚಾರ ನೆನಪಾಗುತ್ತದೆ, ಉಪ್ಪಿಟ್ಟು ಕೇಸರಿಬಾತು ಒಂದಿಲ್ಲ ಅಷ್ಟೆ. ಹುಡುಗ ಬೇರೆ ಕಡೆ ಒಪ್ಪಿಕೊಂಡ ಮೇಲೂ ಇದು ನಿಲ್ಲುವುದಿಲ್ಲ. ಒಪ್ಪಿಕೊಂಡವನನ್ನು ಒಲಿಸಿಕೊಂಡು ಬರುವ ಕೋಚ್‌ಗೆ ಈ ವೃತ್ತಿಯಲ್ಲಿ ಹೆಚ್ಚು ಮರ್ಯಾದೆ. ಇದಕ್ಕೆ 'ಫ್ಲಿಪ್' ಎಂದೇ ಹೆಸರಿಟ್ಟು ಚಪ್ಪಾಳೆ ತಟ್ಟುತ್ತಾರೆ.

ನಿಜವಾಗಿ ಲೆಕ್ಕಕ್ಕೆ ಬರುವುದು ಸಹಿ. ಅಂಡರ್‌ವುಡ್ ಸಹಿ ಮಾಡಿದ್ದು 2024ರ ಡಿಸೆಂಬರ್ 4ರಂದು, ಮಿಷಿಗನ್‌ಗೆ. ಅದಕ್ಕೆ ಮೊದಲು ಅವನು ಯಾರ ಸ್ವತ್ತೂ ಅಲ್ಲ.

ಲೆಕ್ಕಿಗ:

ದುಡ್ಡಿನ ಮಾತು ಬಂದದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗೋಣ. ಈಗ ಹಣ ಬಂದು ಆಟ ಕೆಟ್ಟಿತು ಎನ್ನುವವರಿಗೆ ಟೆಕ್ಸಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಕಥೆ ಹೇಳಬೇಕು. ಅಲ್ಲಿ ಶ್ರೀಮಂತ ಅಭಿಮಾನಿಗಳು ಆಟಗಾರರಿಗೆ ತಿಂಗಳು ತಿಂಗಳು ನಿಯಮ ಮೀರಿ ಗುಟ್ಟಾಗಿ ಹಣ ತಲುಪಿಸುತ್ತಿದ್ದರು. 13 ಆಟಗಾರರಿಗೆ ಒಟ್ಟು 61 ಸಾವಿರ ಡಾಲರ್ ಕೊಟ್ಟದ್ದು ಸಾಬೀತಾಗಿ, ಹಿಂದೆಯೂ ಸಿಕ್ಕಿಬಿದ್ದಿದ್ದ ಆ ಕಾಲೇಜಿನ 1987ರ ಇಡೀ ಋತುವನ್ನೇ ಎನ್‌ಸಿಎಎ ರದ್ದು ಮಾಡಿತು. ಎನ್‌ಸಿಎಎ ಎಂದರೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ. ಮರುವರ್ಷ ಆಡುವ ಚೈತನ್ಯ ಆ ಕಾಲೇಜಿಗೇ ಇರಲಿಲ್ಲ. ಹಣ ಮುಂದುವರಿಯಲಿ ಎಂದು ಒಪ್ಪಿದ್ದವರಲ್ಲಿ ಆಡಳಿತ ಮಂಡಳಿಯ ಮುಖ್ಯಸ್ಥರಾಗಿದ್ದ ಬಿಲ್ ಕ್ಲೆಮೆಂಟ್ಸ್ ಕೂಡ ಒಬ್ಬರು. ಅವರು ಅದನ್ನು ಹೇಳಿಕೊಳ್ಳುವ ಹೊತ್ತಿಗೆ ಟೆಕ್ಸಾಸ್ ರಾಜ್ಯಪಾಲರಾಗಿದ್ದರು!

ಇನ್ನೊಂದು ಮೆಂಫಿಸ್‌ನದು, ಇದಕ್ಕಿಂತ ಹೊಲಸು. ಹೈಸ್ಕೂಲಿನ ಒಬ್ಬ ಬಲಿಷ್ಠ ಆಟಗಾರನನ್ನು ಅಲಬಾಮ ವಿಶ್ವವಿದ್ಯಾಲಯಕ್ಕೆ ಕಳಿಸಲು ಲೋಗನ್ ಯಂಗ್ ಎಂಬ ಸಿರಿವಂತ ಅಭಿಮಾನಿ 1.5 ಲಕ್ಷ ಡಾಲರ್ ಕೊಟ್ಟ. ಕೊಟ್ಟದ್ದು ಯಾರಿಗೆ? ಹುಡುಗನಿಗಲ್ಲ, ಶಾಲೆಯ ಕೋಚ್‌ಗೆ. 2002ರಲ್ಲಿ ಅಲಬಾಮಕ್ಕೆ ಶಿಕ್ಷೆಯಾಯಿತು, 2005ರಲ್ಲಿ ಯಂಗ್‌ ಅಪರಾಧಿ ಎಂದು ತೀರ್ಪು ಬಂತು. ಮಾರಾಟವಾದದ್ದು ಹುಡುಗ, ದುಡ್ಡು ಎಣಿಸಿದ್ದು ಗುರು.

2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆಲ್ಸ್‌ಟನ್ ಪ್ರಕರಣದಲ್ಲಿ ಎನ್‌ಸಿಎಎ ವಿರುದ್ಧ, ಆಟಗಾರರ ಪರವಾಗಿ ಒಮ್ಮತದ ತೀರ್ಪು ಕೊಟ್ಟಿತು. ಆ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ, ಜನಪ್ರಿಯತೆಯಿಂದ ಹಣ ಗಳಿಸಬಹುದು ಎಂದಾಯಿತು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಒಂದು ಸಂಸ್ಥೆ ತನ್ನ ಎಲ್ಲ ಆಟಗಳಿಗೂ ಸೇರಿ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ಹೊರಗಿನವರ ಜೊತೆ 600 ಡಾಲರ್ ಮೀರಿದ ಯಾವುದೇ ಒಪ್ಪಂದವಾದರೂ ಪರಿಶೀಲನೆಗೆ ಸಲ್ಲಿಸಬೇಕು. ಹಿಂದೆ ಲಕೋಟೆಯಲ್ಲಿ ಹೋಗುತ್ತಿದ್ದದ್ದು ಈಗ ಬ್ಯಾಂಕ್ ಖಾತೆಗೆ ಹೋಗುತ್ತಿದೆ, ಅದಕ್ಕೆ ತೆರಿಗೆಯೂ ಇದೆ. ನನಗಂತೂ ಇದರಲ್ಲಿ ಅನ್ಯಾಯ ಕಾಣುವುದಿಲ್ಲ.

ಹಳೆಮೈಸೂರು:

ಹಣ ಪಡೆಯಬಾರದು ಎಂದು ನಾನೆಲ್ಲಿ ಹೇಳಿದೆ? ಮೊದಲು ಒಪ್ಪಿದ ಕಡೆಯೇ ಪಡೆಯಲಿ. ಹರಾಜಿಗೆ ನಿಂತಂತೆ ನಡೆದುಕೊಂಡದ್ದಕ್ಕೆ ನನ್ನ ಆಕ್ಷೇಪ.

ಶನಿವಾರದ ಪ್ರೇಕ್ಷಕ:

ಹರಾಜು ಎಂದಿರಿ, ಒಳ್ಳೆಯದಾಯಿತು. ಅಂಡರ್‌ವುಡ್ ಮನಸ್ಸು ಬದಲಿಸಿದ ಅದೇ ವಾರ ಜೆಡ್ಡಾದಲ್ಲಿ ಐಪಿಎಲ್ ಹರಾಜು ನಡೆಯಿತು. 13 ವರ್ಷದ ವೈಭವ್ ಸೂರ್ಯವಂಶಿಯನ್ನು ರಾಜಸ್ಥಾನ್ ರಾಯಲ್ಸ್ 1.10 ಕೋಟಿ ರೂಪಾಯಿಗೆ ಕೊಂಡಿತು. ಅದನ್ನು ನಾವೆಲ್ಲ ಟೀವಿ ಮುಂದೆ ಕುಳಿತು ನೋಡಿ ಹಿಗ್ಗಿದೆವು. ಆ ಹುಡುಗನಿಗೆ ಯಾವ ತಂಡ ಇಷ್ಟ ಎಂದು ಒಬ್ಬರೂ ಕೇಳಲಿಲ್ಲ. ಕೂಗು ನಿಂತಲ್ಲಿಗೆ ಅವನು ಹೋದ. ಇಲ್ಲಿ ಕನಿಷ್ಠ ಯಾವ ಊರು, ಯಾರ ಕೈಕೆಳಗೆ, ಎಂದು ಆರಿಸಿಕೊಳ್ಳುವ ಹಕ್ಕು ಹುಡುಗನದು.

ಹಳೆಮೈಸೂರು:

ಆ ಹರಾಜಿನಲ್ಲಿ ಯಾರು ಎಷ್ಟು ಕೂಗಿದರು ಎಂಬುದು ಎಲ್ಲರ ಕಣ್ಣೆದುರು. ನಿಮ್ಮ ಕಾಲೇಜು ವ್ಯವಹಾರದಲ್ಲಿ ಎಲ್ಲವೂ "ವರದಿ ಪ್ರಕಾರ". ಹುಡುಗನ ಕೈಗೆ ನಿಜಕ್ಕೂ ಎಷ್ಟು ಬಂತು ಎಂದು ಇಲ್ಲಿ ಯಾರಾದರೂ ಎದೆ ಮುಟ್ಟಿಕೊಂಡು ಹೇಳಬಲ್ಲಿರಾ?

ಲೆಕ್ಕಿಗ:

ಈ ಏಟು ಸರಿಯಾಗಿ ಬಿತ್ತು, ಒಪ್ಪುತ್ತೇನೆ. ಇದೇ ಗುಟ್ಟಿನಿಂದ ಹಾಳಾದದ್ದು ಕ್ಯಾಲಿಫೋರ್ನಿಯಾದ ಜೇಡನ್ ರಶಾಡ ಪ್ರಕರಣ. ಅವನೂ ಕ್ವಾರ್ಟರ್‌ಬ್ಯಾಕ್. ಮೊದಲು ಮಯಾಮಿ ಎಂದ, 2022ರ ನವೆಂಬರ್‌ನಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಬದಲಿಸಿದ. ಅಲ್ಲಿನ ಅಭಿಮಾನಿಗಳ ಕೂಟ 1.385 ಕೋಟಿ ಡಾಲರ್ ಕೊಡುವುದಾಗಿ ಕಾಗದದ ಮೇಲೆಯೇ ಬರೆದುಕೊಟ್ಟಿತ್ತು. ಡಿಸೆಂಬರ್‌ನಲ್ಲಿ ಅದೇ ಕೂಟ ಒಪ್ಪಂದ ರದ್ದು ಎಂದಿತು. ಆ ಮೇಲೂ ಅವನು ಸಹಿ ಮಾಡಿದ. ಜನವರಿಯಲ್ಲಿ ಬಿಡುಗಡೆ ಕೇಳಿ ಹೊರಬಂದ, ಅರಿಜೋನಾ ಸ್ಟೇಟ್ ಸೇರಿದ. 2024ರ ಮೇನಲ್ಲಿ ಫ್ಲಾರಿಡಾದ ಕೋಚ್ ಬಿಲ್ಲಿ ನೇಪಿಯರ್ ಮತ್ತಿತರರ ಮೇಲೆ ಮೊಕದ್ದಮೆ ಹೂಡಿದ. ನಡುವೆ ಅವನ ಹೆಸರಿಗೆ ಅಂಟಿದ ಬಿರುದು ಏನು ಗೊತ್ತೇ? ದುಡ್ಡಿನ ಹಿಂದೆ ಓಡಿದವನು! ಬರೆದುಕೊಟ್ಟು ಕೈ ಎತ್ತಿದವರ ಮುಖ ಯಾರಿಗೂ ನೆನಪಿಲ್ಲ.

ಡಲ್ಲಾಸ್ ಅಮ್ಮ:

ಕೋಟಿಗಳ ಮಾತು ಓದಿ ನಗು ಬಂತು. ನನ್ನ ಮಗ ಇಲ್ಲಿನ ಹೈಸ್ಕೂಲ್ ತಂಡದಲ್ಲಿ ಚೆಂಡು ಒದೆಯುವವನು, ಕಿಕ್ಕರ್. ಐದು ನಕ್ಷತ್ರದ, ಅಂದರೆ ಅತ್ಯುನ್ನತ ಶ್ರೇಯಾಂಕದ ಹುಡುಗರ ಲೋಕ ಬೇರೆ, ನಮ್ಮ ಲೋಕ ಬೇರೆ.

ನಮ್ಮ ಮನೆಗೂ ಕಾಲೇಜುಗಳಿಂದ ಪತ್ರ ಬರುತ್ತವೆ. "ನಿನ್ನ ಆಟ ಮೆಚ್ಚಿದ್ದೇವೆ, ನಮ್ಮ ಬೇಸಿಗೆ ಶಿಬಿರಕ್ಕೆ ಬಾ" ಎಂದು. ಮೊದಲ ಪತ್ರ ಬಂದಾಗ ಮನೆಯಲ್ಲಿ ಪಾಯಸ ಮಾಡಿದ್ದೆ. ಕೆಳಗೆ ಸಣ್ಣಕ್ಷರದಲ್ಲಿ ಶುಲ್ಕ ಇತ್ತು. ಶಿಬಿರಕ್ಕೆ ಹೋದರೆ ಅಲ್ಲಿ ನೂರಾರು ಮಕ್ಕಳು, ಎಲ್ಲರ ಕೈಯಲ್ಲೂ ಅದೇ ಪತ್ರ. ಸುಡುಬಿಸಿಲಿನಲ್ಲಿ ಸಾಲಿನಲ್ಲಿ ನಿಂತು ನಮ್ಮವನು ಒದ್ದದ್ದು ಕೆಲವೇ ಚೆಂಡು. ಹೆಡ್ ಕೋಚ್ ಬಂದು ಕೈ ಬೀಸಿ ಹೋದರು. ಆಮೇಲೆ ತಿಳಿಯಿತು, ನಿಜವಾಗಿ ಬೇಕಾದ ಹುಡುಗನಿಗೆ ಕೋಚ್ ಖುದ್ದು ಫೋನ್ ಮಾಡುತ್ತಾರೆ, ಪತ್ರ ಹಾಕುವುದಿಲ್ಲ.

ಇಲ್ಲಿ ಕನ್ನಡದ ಪೋಷಕರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಮೂರನೇ ಡಿವಿಷನ್, ಅಂದರೆ ಕೆಳಗಿನ ಸ್ತರದಲ್ಲಿ ಆಡುವ ಕಾಲೇಜುಗಳು ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಕೂಡ ಕೊಡುವುದಿಲ್ಲ. ಆದರೆ ಪ್ರವೇಶದ ಹೊತ್ತಿನಲ್ಲಿ ಕೋಚ್ ಶಿಫಾರಸಿಗೆ ತೂಕ ಇರುತ್ತದೆ. ಓದಿನಲ್ಲಿ ಚುರುಕಾಗಿದ್ದು ಆಟವೂ ಬರುವ ಮಗುವಿಗೆ ಆ ದಾರಿಯೇ ಮೇಲು ಎನಿಸಿದೆ ನನಗೆ. ಎನ್‌ಎಫ್‌ಎಲ್ ಕನಸು ಇರಲಿ, ಬೇಡ ಎನ್ನುವುದಿಲ್ಲ. ಕಾಲೇಜಿನಲ್ಲಿ ಆಡುವವರಲ್ಲೇ ನೂರಕ್ಕೆ ಇಬ್ಬರೂ ಅಲ್ಲಿಗೆ ತಲುಪುವುದಿಲ್ಲ.

ಮೂಡುಬಿದಿರೆಯವನು:

ಡಲ್ಲಾಸ್ ಮೇಡಂ, ಪಾಯಸ ಮಾಡಿದ್ದು ವ್ಯರ್ಥವಾಗಲಿಲ್ಲ ಬಿಡಿ, ತಿಂದಿರಲ್ಲ.

ನಮ್ಮ ಊರಿನ ಸಂಗತಿ ಹೇಳುತ್ತೇನೆ. ಆಟಗಾರರನ್ನು ಹುಡುಕಿ ತರುವ ಕೆಲಸ ಇಲ್ಲೂ ಇದೆ. ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತ ಶಿಕ್ಷಣ, ಊಟ, ವಸತಿ ಕೊಡುತ್ತದೆ. ಅಥ್ಲೆಟಿಕ್ಸ್, ಕಬಡ್ಡಿ, ಕೊಕ್ಕೊ, ವಾಲಿಬಾಲ್ ಮಕ್ಕಳು ಬೇರೆ ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬರುತ್ತಾರೆ. ಬೆಳಿಗ್ಗೆ ಸ್ವರಾಜ್ಯ ಮೈದಾನದ ಕಡೆ ಹೋದರೆ ನಾಲ್ಕೈದು ಭಾಷೆ ಕಿವಿಗೆ ಬೀಳುತ್ತದೆ. ಬಡವರ ಮನೆಯ ಹುಡುಗಿಗೆ ಪದವಿ ಮತ್ತು ಮೂರು ಹೊತ್ತಿನ ಪೌಷ್ಟಿಕ ಊಟ ಎಂದರೆ ಸಣ್ಣದೇ? ಅಮೆರಿಕದ ಲಕ್ಷ ಜನರ ಕ್ರೀಡಾಂಗಣವನ್ನು ಇದರ ಪಕ್ಕ ಇಟ್ಟು ನೋಡಲು ಹೋಗಬೇಡಿ. ಇಲ್ಲಿ ಪಂದ್ಯ ನೋಡಲು ಬರುವವರು ಆಡುವವರ ಗೆಳೆಯರು ಮಾತ್ರ, ಟಿಕೆಟ್ ಇಲ್ಲ, ಟೀವಿ ಇಲ್ಲ. ಅಲ್ಲಿ ಟೀವಿ ಹಣ ಹೊಳೆಯಾಗಿ ಹರಿಯುವಾಗ ಬೆವರು ಹರಿಸಿದವನಿಗೆ ಪಾಲು ಇರಬೇಕು ಎನ್ನುವುದು ಬೇರೆಯದೇ ನ್ಯಾಯ. ಹಾಗಾಗಿ ನಾನು ಬೆಲ್‌ವಿಲ್ ಹುಡುಗನ ಪಕ್ಷ.

ಶನಿವಾರದ ಪ್ರೇಕ್ಷಕ:

ಮಾತು ಬದಲಿಸಿದವರೆಲ್ಲ ಹಣಕ್ಕೇ ಬದಲಿಸುತ್ತಾರೆ ಎಂಬುದೂ ಅರ್ಧ ಸತ್ಯ. ಟ್ರಾವಿಸ್ ಹಂಟರ್ 2020ರಿಂದ ಫ್ಲಾರಿಡಾ ಸ್ಟೇಟ್‌ಗೆ ಮಾತು ಕೊಟ್ಟಿದ್ದವನು. 2021ರ ಡಿಸೆಂಬರ್ 15ರಂದು, ಸಹಿ ಮಾಡುವ ದಿನವೇ, ಜಾಕ್ಸನ್ ಸ್ಟೇಟ್ ಎಂದುಬಿಟ್ಟ. ಅದು ಮಿಸಿಸಿಪ್ಪಿಯ ಐತಿಹಾಸಿಕ ಕಪ್ಪು ಜನರ ವಿಶ್ವವಿದ್ಯಾಲಯ, ಆಡುವುದು ಒಂದು ಮೆಟ್ಟಿಲು ಕೆಳಗಿನ ಸ್ತರದಲ್ಲಿ. ದೇಶದ ಅಗ್ರ ಹುಡುಗ ಅಲ್ಲಿಗೆ ಹೋಗುತ್ತಾನೆ ಎಂದು ಯಾರೂ ಕನಸು ಕಂಡಿರಲಿಲ್ಲ. ಕೋಚ್ ಡಿಯಾನ್ ಸ್ಯಾಂಡರ್ಸ್ ದೊಡ್ಡ ಮೊತ್ತ ಕೊಡಿಸಿದರು ಎಂಬ ಗುಲ್ಲೆದ್ದಿತು, ಅವರು ಅಲ್ಲಗಳೆದರು. ಹಂಟರ್ ನಂಬಿದ್ದು ಆ ವ್ಯಕ್ತಿಯನ್ನು. ಅವರು ಕೊಲರಾಡೊಗೆ ಹೋದಾಗ ಹಿಂದೆಯೇ ಹೋದ, 2024ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ. ಫ್ಲಾರಿಡಾ ಸ್ಟೇಟ್‌ನವರು ಅವನನ್ನೂ ಬೈದರು, ಸ್ಯಾಂಡರ್ಸ್ ತಮ್ಮದೇ ಹಳೆಯ ವಿದ್ಯಾರ್ಥಿ ಎಂಬ ಉರಿ ಬೇರೆ.

ಹಳೆಮೈಸೂರು:

ಸರಿ, ಆಟದ ಫಲಿತಾಂಶ ಹೇಳಿ. ಇಷ್ಟೆಲ್ಲ ಸುರಿದು ಮಿಷಿಗನ್ ಪಡೆದದ್ದೇನು?

ಕ್ಯಾಂಟನ್ ನಿವಾಸಿ:

ಅಲ್ಲೊಂದು ತಮಾಷೆಯಿದೆ. ಅಂಡರ್‌ವುಡ್ ಮಿಷಿಗನ್ ಎಂದ ಒಂಬತ್ತು ದಿನಕ್ಕೆ ವರ್ಷದ ದೊಡ್ಡ ಪಂದ್ಯ. ಬದ್ಧವೈರಿ ಓಹಾಯೊ ಸ್ಟೇಟ್ ದೇಶದಲ್ಲಿ ಎರಡನೇ ಸ್ಥಾನದಲ್ಲಿತ್ತು, ಪಂದ್ಯ ಅವರದೇ ನೆಲದಲ್ಲಿ. ಮಿಷಿಗನ್ 13-10ರಿಂದ ಗೆದ್ದಿತು! ಅಂದಿನ ಕ್ವಾರ್ಟರ್‌ಬ್ಯಾಕ್ ಡೇವಿಸ್ ವಾರನ್. ಹೈಸ್ಕೂಲಿನಲ್ಲಿದ್ದಾಗ ರಕ್ತದ ಕ್ಯಾನ್ಸರ್ ಗೆದ್ದು ಬಂದವನು, ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಿದವನು. ಅವನ ಮನೆಗೆ ಯಾವ ಕೋಚ್ ಕೂಡ ದಾರಿ ಸವೆಸಿರಲಿಲ್ಲ. ಅಂದು ಅವನ ಎಸೆತವೇನೂ ಹೊಳೆಯಲಿಲ್ಲ ಎನ್ನುವುದೂ ನಿಜ, ಗೆಲ್ಲಿಸಿದ್ದು ರಕ್ಷಣಾ ಪಡೆ ಮತ್ತು ಓಟ. ಆ ಡಿಸೆಂಬರ್ ಕೊನೆಯ ಪಂದ್ಯದಲ್ಲಿ ಅವನ ಮೊಣಕಾಲು ಹೋಯಿತು.

ಅಂಡರ್‌ವುಡ್ 2025ರ ಮೊದಲ ಪಂದ್ಯದಿಂದಲೇ ಆಡಿದ. ನ್ಯೂ ಮೆಕ್ಸಿಕೊ ವಿರುದ್ಧ 251 ಗಜ ಎಸೆದು ಗೆಲ್ಲಿಸಿದ. ಮರುವಾರವೇ ಓಕ್ಲಹೋಮಾದಲ್ಲಿ 24 ಎಸೆತಗಳಲ್ಲಿ ಒಂಬತ್ತು ಮಾತ್ರ ಗುರಿ ಮುಟ್ಟಿದವು, ಸೋತರು. ನವೆಂಬರ್‌ನಲ್ಲಿ ಓಹಾಯೊ ಸ್ಟೇಟ್ ಬಂದು 27-9ರಿಂದ ಸೋಲಿಸಿ ಹೋಯಿತು. 18ರ ಹುಡುಗನಿಂದ ಮೊದಲ ವರ್ಷ ಇದಕ್ಕಿಂತ ಹೆಚ್ಚು ಕೇಳುವುದು ದುರಾಸೆ.

ನಾನು ಹೇಳಬೇಕಾದದ್ದು ಇದಲ್ಲ. ಅವನನ್ನು ಒಲಿಸಿಕೊಳ್ಳಲು ಹೆಣಗಿದ ಇಬ್ಬರು ಹೆಡ್ ಕೋಚ್‌ಗಳನ್ನು ನೋಡಿ. ಎಲ್‌ಎಸ್‌ಯುವಿನ ಬ್ರಯಾನ್ ಕೆಲ್ಲಿ ನೋಟ್ರ ಡಾಮ್ ತಂಡವನ್ನು 2021ರಲ್ಲಿ ನಡುವೆಯೇ ಬಿಟ್ಟು ಅಲ್ಲಿಗೆ ಬಂದವರು. 2025ರ ಅಕ್ಟೋಬರ್‌ನಲ್ಲಿ ಅವರನ್ನು ಕೆಲಸದಿಂದ ತೆಗೆದರು. ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾದ ಬಾಕಿ ಸುಮಾರು 5.4 ಕೋಟಿ ಡಾಲರ್, ಅದೂ ಕೆಲಸ ಮಾಡದೆ ಇರುವುದಕ್ಕೆ. ಮಿಷಿಗನ್‌ನ ಶೆರೋನ್ ಮೂರ್ ಅವರನ್ನು ಡಿಸೆಂಬರ್‌ನಲ್ಲಿ ಸಿಬ್ಬಂದಿಯೊಬ್ಬರ ಜೊತೆಗಿನ ಅನುಚಿತ ಸಂಬಂಧದ ಕಾರಣ ಕೊಟ್ಟು ವಜಾ ಮಾಡಿದರು. ಹುಡುಗ ಲೂಯಿಸಿಯಾನಾಗೆ ಹೋಗಿದ್ದರೂ, ಇಲ್ಲೇ ಇದ್ದರೂ, ಮನೆಗೆ ಬಂದು ಅಮ್ಮನ ಕೈ ಹಿಡಿದು "ನಿಮ್ಮ ಮಗನನ್ನು ನನಗೆ ಒಪ್ಪಿಸಿ" ಎಂದವರು ಎರಡನೇ ವರ್ಷಕ್ಕೆ ಇರುತ್ತಿರಲಿಲ್ಲ. ದೊಡ್ಡವರು ಬರುತ್ತಾರೆ, ಹೋಗುತ್ತಾರೆ, ಹೋಗುವಾಗ ಜೇಬು ತುಂಬಿಕೊಳ್ಳುತ್ತಾರೆ. ನಾಲಿಗೆಯ ಮೇಲೆ ನಿಲ್ಲಬೇಕಾದವನು ಮಾತ್ರ ಹದಿನೇಳರ ಹುಡುಗ. ನನ್ನ ತಕರಾರು ಇಷ್ಟೇ, ಹಳೆಮೈಸೂರು ಅವರೇ.

ಹಳೆಮೈಸೂರು:

ದೊಡ್ಡವರು ಮಾಡಿದ್ದು ತಪ್ಪಾದರೆ ಹುಡುಗ ಮಾಡಿದ್ದು ಸರಿಯಾಗುತ್ತದೆಯೇ? ನನಗೆ ಆ ಲೆಕ್ಕ ಕೂಡುವುದಿಲ್ಲ. ಆದರೆ 5.4 ಕೋಟಿಯ ಸುದ್ದಿ ನನಗೆ ತಿಳಿದಿರಲಿಲ್ಲ. ಅದನ್ನು ಕೇಳಿದ ಮೇಲೆ ಹುಡುಗನನ್ನೇ ಮೊದಲು ಬೈಯಲು ಮನಸ್ಸು ಬರುತ್ತಿಲ್ಲ, ಅಷ್ಟು ಹೇಳಬಲ್ಲೆ.

ಡಲ್ಲಾಸ್ ಅಮ್ಮ:

ಲೆಕ್ಕಿಗರೇ, ಒಂದು ಪ್ರಶ್ನೆ. ಮಗನ ಗೆಳೆಯನೊಬ್ಬನಿಗೆ ಒಂದು ಕಾಲೇಜಿನಿಂದ ಸಣ್ಣ ಮೊತ್ತದ ಕರಾರು ಬಂದಿದೆ. ಅವನ ತಾಯಿ ನನ್ನ ಬಳಿ ತಂದು ತೋರಿಸಿದರು, ಹದಿನಾರು ಪುಟ. ಮೊದಲು ಏನನ್ನು ನೋಡಬೇಕು?

ಲೆಕ್ಕಿಗ:

ಮೊತ್ತವನ್ನು ಕೊನೆಗೆ ನೋಡಿ ಮೇಡಂ. ಮೊದಲು ಕೊಡುವವರು ಯಾರು, ಕಾಲೇಜೇ ಅಥವಾ ಹೊರಗಿನ ಕೂಟವೇ ಎಂದು ನೋಡಿ. ಗಾಯವಾದರೆ ಹಣ ನಿಲ್ಲುತ್ತದೆಯೇ, ಕೋಚ್ ಬದಲಾದರೆ ಏನು, ಹುಡುಗ ಬೇರೆ ಕಾಲೇಜಿಗೆ ಹೋದರೆ ಪಡೆದದ್ದನ್ನು ವಾಪಸ್ ಕೊಡಬೇಕೇ, ಅವರೇ ರದ್ದು ಮಾಡಲು ಎಷ್ಟು ದಿನದ ನೋಟಿಸ್ ಎಂದು ಬರೆದಿದ್ದಾರೆ, ಇವು ಸಾಮಾನ್ಯವಾಗಿ ಹಿಂದಿನ ಪುಟಗಳಲ್ಲಿ ಇರುತ್ತವೆ. ಏಜೆಂಟ್ ಇದ್ದರೆ ಅವನ ಪಾಲು ಎಷ್ಟು ಎಂಬುದಕ್ಕೆ ಬೇರೆ ಕಾಗದ ಇರಬೇಕು, ಅದನ್ನೂ ಕೇಳಿ. ತೆರಿಗೆಯನ್ನು ಮೊದಲೇ ಹಿಡಿದು ಕೊಡದಿದ್ದರೆ ಮೂರು ತಿಂಗಳಿಗೊಮ್ಮೆ ಇವರೇ ಕಟ್ಟಬೇಕಾಗುತ್ತದೆ. ಸಹಿಗೆ ಮೊದಲು ಸ್ಥಳೀಯ ವಕೀಲರೊಬ್ಬರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಓದಿಸಲು ಆ ತಾಯಿಗೆ ಹೇಳಿ. ಕಾಲೇಜಿನವರೇ ಸೂಚಿಸಿದ ವಕೀಲರು ಬೇಡ.